ಒಂದು ದಿನವೂ ತಪ್ಪಿಸದ ಹುಡುಗಿ

ಸರ್ಕಾರದ ಲೆಕ್ಕದಲ್ಲಿ ಸೋಮಮ್ಮನ ಮಗಳು ಉಮ ಒಂದು ದಿನವೂ ಊರು ಬಿಟ್ಟವಳಲ್ಲ. ಮೂರನೆಯ ತರಗತಿಯಿಂದ ಏಳನೆಯ ತರಗತಿಯವರೆಗೆ ಮಳೆಯೆನ್ನದೆ ಬಿಸಿಲೆನ್ನದೆ ಮೂಡಲಕೊಪ್ಪಲಿನ ಸರ್ಕಾರಿ ಶಾಲೆಗೆ ಬಂದಿದ್ದಾಳೆ. ಅವಳಿಗೆ ಜ್ವರ ಬಂದಿಲ್ಲ. ನೆಂಟರ ಮನೆಗೆ ಹೋಗಿಲ್ಲ. ಕಬ್ಬು ಕಡಿಯುವ ಕಾಲದಲ್ಲಿ ಕೇರಿಯ ಮಕ್ಕಳೆಲ್ಲ ಗದ್ದೆಗೆ ಇಳಿದರೂ ಅವಳು ಪಾಠ ತಪ್ಪಿಸಿಲ್ಲ. ಇಷ್ಟು ಶ್ರದ್ಧೆಯ ಹುಡುಗಿ ಪಾಂಡವಪುರ ತಾಲ್ಲೂಕಿನಲ್ಲಿ ಇನ್ನೊಬ್ಬಳಿದ್ದರೆ ಅವಳು ಪುಟ್ಟತಾಯಿ. ಅದೇ ಕೇರಿಯ ಯಜಮಾನ ಚಿಕ್ಕಮಾದಯ್ಯನ ಮೊಮ್ಮಗಳು. ಉಮನಿಗಿಂತ ಒಂದು ತರಗತಿ ಕೆಳಗೆ.

ಆ ಅವಧಿಯಲ್ಲೇ ಮೂರು ವರ್ಷ ಹತ್ತು ತಿಂಗಳು ಉಮ ಪುಣೆಯ ಹತ್ತಿರ, ಹೊರಗಿನಿಂದ ಬೀಗ ಹಾಕಿದ ಒಂದು ಕಟ್ಟಡದಲ್ಲಿ ಕುಳಿತು ಅರಗಿನ ಬಳೆ ಮಾಡುತ್ತಿದ್ದಳು. ಕಾದ ಅರಗನ್ನು ಬೆರಳಿನಿಂದ ಒತ್ತಿ ಒತ್ತಿ ಅವಳ ಬಲಗೈಯ ಎರಡು ಬೆರಳು ಮಡಿಸಲು ಬಾರದಂತಾದವು. ಹೊಗೆ ಕುಡಿದು ಎದೆ ಕಟ್ಟಿತು. ಒಮ್ಮೆ ಮಾರಿದರು. ಕೊಂಡವನು ಇನ್ನೊಬ್ಬನಿಗೆ ಮಾರಿದ. ಅವನು ಅವಳಿಗೆ ಸೀತಾ ಎಂದು ಹೆಸರಿಟ್ಟ.

ಎರಡೂ ನಿಜವಾಗುವುದು ಹೇಗೆ ಎಂದು ಕೇಳಬಾರದು. ಸರ್ಕಾರ ಆ ಕಾಲದಲ್ಲಿ ಎರಡು ಒಳ್ಳೆಯ ಕಾನೂನು ಮಾಡಿತ್ತು. ಯಾವ ಊರಿನ ಶಾಲೆಗೂ ಅನ್ಯಾಯವಾಗಬಾರದು, ತಲೆ ಎಣಿಸಿ ಹಣ, ತಲೆ ಎಣಿಸಿ ಮೇಷ್ಟ್ರು ಎಂಬುದು ಒಂದು. ಮೋಸಕ್ಕೆ ಸಿಕ್ಕಿ ಮಾರಾಟವಾದ ಹೆಣ್ಣುಮಕ್ಕಳಿಗೆ ಪರಿಹಾರ ಕೊಟ್ಟು, ಚಿಕಿತ್ಸೆ ಕೊಡಿಸಿ, ಹಾಸ್ಟೆಲಿನಲ್ಲಿಟ್ಟು ಓದಿಸಬೇಕು ಎಂಬುದು ಇನ್ನೊಂದು. ಎರಡರಲ್ಲೂ ತಪ್ಪು ಹುಡುಕುವಂತಿಲ್ಲ. ಎರಡೂ ಸೋಮಮ್ಮನ ಗುಡಿಸಲ ಬಾಗಿಲಿಗೇ ಬಂದು ನಿಂತದ್ದು ಮಾತ್ರ ತೊಂದರೆಯಾಯಿತು.

ತೊಂಬತ್ತೈದನೆಯ ಇಸವಿಯ ಮಾಘಮಾಸದಲ್ಲಿ ಕೆ.ಆರ್. ಪೇಟೆ ಕಡೆಯಿಂದ ಮಂಗಳಮ್ಮ ಎಂಬ ಹೆಂಗಸು ಕೇರಿಗೆ ಬಂದಳು. ಹಣೆ ತುಂಬ ಕುಂಕುಮ, ಕೈತುಂಬ ಬಳೆ. ಮಾರಮ್ಮನ ಗುಡಿಯ ಮುಂದೆ ನಿಂತು ಕಣ್ಣೀರು ಹಾಕಿದಳು. ಪುಣೆಯಲ್ಲಿ ತನ್ನ ತಮ್ಮನ ಕಾರ್ಖಾನೆ ಇದೆ, ಹಗುರ ಕೆಲಸ, ಎರಡು ಹೊತ್ತು ಅನ್ನ, ಸಂಜೆ ಹೊತ್ತು ಕನ್ನಡ ಶಾಲೆಯೂ ಉಂಟು ಎಂದಳು.

ಅನ್ನದ ಮಾತಿಗೆ ಸೋಮಮ್ಮ ಬಗ್ಗಲಿಲ್ಲ. ಗಂಡ ಮಾಯಣ್ಣ ನಾಲೆಯಲ್ಲಿ ಬಿದ್ದು ಸತ್ತ ಮೇಲೆ ಅವಳು ಆಲೆಮನೆಯಲ್ಲಿ ದುಡಿದು ಮಗಳನ್ನು ಸಾಕುತ್ತಿದ್ದಳು. ಬಗ್ಗಿದವಳು ಉಮ. ಅವಳಿಗೆ ಆಗ ಹನ್ನೆರಡು ವರ್ಷ. ತಡವಾಗಿ ಶಾಲೆಗೆ ಸೇರಿ ಮೂರನೆಯ ತರಗತಿಯಲ್ಲಿದ್ದಳು. ಮೂಡಲಕೊಪ್ಪಲಿನ ಶಾಲೆಯೆಂದರೆ ಒಂದು ಕೋಣೆ. ಹಿಂದಿನ ಮಳೆಗಾಲದಲ್ಲಿ ಅದರ ಅರ್ಧ ಹೆಂಚು ಕುಸಿದಿತ್ತು. ಬಿಸಿಲು ಸರಿದಂತೆ ಮಕ್ಕಳೂ ಸರಿಯುತ್ತಿದ್ದರು. ಏಳು ತರಗತಿಗೆ ಒಬ್ಬರೇ ಮೇಷ್ಟ್ರು. ಉಮ ಮೂರು ವರ್ಷದಲ್ಲಿ ‘ಅ’ದಿಂದ ‘ಊ’ವರೆಗೆ ಕಲಿತಿದ್ದಳು.

"ಅವ್ವ, ಅಲ್ಲಿ ಇಸ್ಕೂಲ್ ಐತಂತೆ. ಕರೆಂಟ್ ದೀಪ್ದಲ್ಲಿ ಓದುಸ್ತಾರಂತೆ. ಪುಟ್ಟತಾಯೀನೂ ಬತ್ತಾಳಂತೆ, ಕಳ್ಸವ್ವ" ಎಂದು ಹಟ ಹಿಡಿದಳು.

ಓದುವ ಆಸೆಗೆ ಹೋದಳು. ಅವಳನ್ನು ಊರಿನಿಂದ ಹೊರಡಿಸಿದ್ದು ಮಂಗಳಮ್ಮ ಒಬ್ಬಳೇ ಅಲ್ಲ. ಆ ಕುಸಿದ ಹೆಂಚೂ ಕೂಡ.

ಆರು ತಿಂಗಳು ಸುದ್ದಿಯಿಲ್ಲ. ಸೋಮಮ್ಮ ಕೆ.ಆರ್. ಪೇಟೆಯ ಸಂತೆಯಲ್ಲಿ ಎರಡು ಸಲ ಮಂಗಳಮ್ಮನನ್ನು ಹುಡುಕಿದಳು. ಅಂಥ ಹೆಸರಿನವರು ಅಲ್ಲಿ ಮೂವರಿದ್ದರು. ಮೂವರೂ ಒಳ್ಳೆಯವರು. ಪೊಲೀಸರು, "ನೀನೇ ಕಳ್ಸಿದ್ಯಲ್ಲಮ್ಮ" ಎಂದು ವಾಪಸು ಕಳಿಸಿದರು.

ಆ ದಿನಗಳಲ್ಲಿ ಸೋಮಮ್ಮ ಬೆಳಗಿನ ಹೊತ್ತು ಶಾಲೆಯ ಕಸ ಗುಡಿಸುತ್ತಿದ್ದಳು. ಒಂದು ದಿನ ಶಿವಶಂಕರ ಮೇಷ್ಟ್ರು ಹಾಜರಿ ಪುಸ್ತಕ ತೆರೆದು ಕೆಂಪು ಮಸಿಯ ಪೆನ್ನು ಹಿಡಿದಿದ್ದರು.

"ಏನ್ ಮಾಡ್ತಾ ಇದೀರಿ ಮೇಷ್ಟ್ರೆ?"

"ಬರದೇ ಇರೋ ಮಕ್ಕಳ ಹೆಸರು ಹೊಡೀಬೇಕು ಸೋಮಮ್ಮ. ನಿನ್ನ ಮಗಳದ್ದು, ಮಾದಯ್ಯನ ಮೊಮ್ಮಗಳದ್ದು."

ಸೋಮಮ್ಮ ಪೊರಕೆ ಬಿಸಾಕಿ ಅವರ ಕಾಲು ಹಿಡಿದಳು. ಗಂಡ ಸತ್ತಾಗ ಸೊಸೈಟಿಯವನು ರೇಷನ್ ಕಾರ್ಡಿನಲ್ಲಿ ಮಾಯಣ್ಣನ ಹೆಸರಿನ ಮೇಲೆ ಕೆಂಪು ಗೆರೆ ಎಳೆದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಹೆಸರಿನ ಮೇಲೆ ಕೆಂಪು ಗೆರೆ ಬಿದ್ದರೆ ಆ ಜೀವ ಇಲ್ಲ ಎಂಬುದಷ್ಟೇ ಅವಳಿಗೆ ಗೊತ್ತಿದ್ದ ಓದು.

"ಹೊಡೀಬೇಡಿ ನನ್ನಪ್ಪ. ನನ್ ಮಗ ಬದುಕೈತೆ. ನೀವು ದಿನಾ ಹೆಸ್ರು ಕೂಗಿ. ನೀವು ಕೂಗ್ತಾ ಇದ್ರೆ ಬತ್ತದೆ. ಕರಿಘಟ್ಟದ ಸ್ವಾಮಿ ಮೇಲೆ ಆಣೆ, ದಿನಾ ಕಸ ಗುಡಿಸ್ಕೊಡ್ತೀನಿ."

ಮೇಷ್ಟ್ರು ಮೃದು ಮನಸ್ಸಿನವರು. ಅವರಿಗೂ ಒಂದು ಯೋಚನೆಯಿತ್ತು. ಊರಿನ ಗೌಡರ ಮಕ್ಕಳೆಲ್ಲ ವ್ಯಾನಿನಲ್ಲಿ ಪಾಂಡವಪುರದ ಕಾನ್ವೆಂಟಿಗೆ ಹೋಗುತ್ತಿದ್ದವು. ಶಾಲೆಗೆ ಉಳಿದದ್ದು ಕೇರಿಯ ಮಕ್ಕಳು, ಐವತ್ತೆಂಟು. ಅರವತ್ತು ತಲೆಯಿದ್ದರೆ ಎರಡನೆಯ ಮೇಷ್ಟ್ರು ಎಂದು ಹೊಸ ಕಾನೂನು ಹೇಳುತ್ತಿತ್ತು. ಅವರು ಕೆಂಪು ಪೆನ್ನಿಗೆ ಟೋಪಿ ಹಾಕಿದರು. ನೀಲಿ ಪೆನ್ನು ತೆಗೆದು, ಆ ಎರಡು ಹೆಸರುಗಳ ಮುಂದೆ ಆರು ತಿಂಗಳಿನಿಂದ ಖಾಲಿ ಬಿದ್ದಿದ್ದ ಮನೆಗಳಲ್ಲೆಲ್ಲ ಹಾಜರಿ ಗುರುತು ಹಾಕಿದರು.

ಎರಡನೆಯ ಮೇಷ್ಟ್ರು ಮಂಜೂರಾದರು. ನಾಗಮಂಗಲದ ಕಡೆಯವರು. ನಿಯೋಜನೆಯ ಮೇಲೆ ಅವರು ತಮ್ಮ ಊರಿನ ಹತ್ತಿರವೇ ಉಳಿದರು. ಇಲ್ಲದ ಇಬ್ಬರು ಮಕ್ಕಳಿಗೆ ಇಲ್ಲದ ಒಬ್ಬ ಮೇಷ್ಟ್ರು. ಸರ್ಕಾರದ ತಕ್ಕಡಿ ಸರಿಯಾಗಿಯೇ ತೂಗುತ್ತಿತ್ತು.

ಅದೇ ವರ್ಷ ಐದನೆಯ ತರಗತಿಯವರೆಗಿನ, ತಪ್ಪದೆ ಬರುವ ಮಕ್ಕಳಿಗೆ ತಿಂಗಳಿಗೆ ಮೂರು ಕಿಲೋ ಅಕ್ಕಿ ಕೊಡುವ ಕ್ರಮ ಬಂತು. ಉಮನಷ್ಟು ತಪ್ಪದೆ ಬರುವವರು ಯಾರಿದ್ದರು? ಮೇಷ್ಟ್ರು ಸೋಮಮ್ಮನನ್ನು ಕರೆದು, "ತಗೊಂಡು ಹೋಗು, ನಿನ್ನ ಮಗಳದ್ದು" ಎಂದರು. ಸರ್ಕಾರವೂ ತನ್ನ ಮಗಳನ್ನು ನೆನೆಯುತ್ತಿದೆ ಎಂದು ಸೋಮಮ್ಮನ ಕಣ್ಣು ತುಂಬಿತು. ಹೆಬ್ಬೆಟ್ಟು ಒತ್ತಿದಳು. ಮೊದಲ ತಿಂಗಳ ಅಕ್ಕಿಯನ್ನು ಶ್ರೀರಂಗಪಟ್ಟಣದವರೆಗೆ ಬಸ್ಸಿನಲ್ಲಿ ಹೋಗಿ, ಕರಿಘಟ್ಟದ ಮೆಟ್ಟಿಲು ಹತ್ತಿ ಸ್ವಾಮಿಗೆ ಒಪ್ಪಿಸಿ ಬಂದಳು. ಎರಡನೆಯ ತಿಂಗಳಿನ ಅಕ್ಕಿಯನ್ನು ಮಡಕೆಯಲ್ಲಿ ಎತ್ತಿಟ್ಟಳು. ಮೂರನೆಯ ತಿಂಗಳು ಹಸಿವಾಯಿತು. ಬೇಯಿಸಿ ಉಂಡಳು. ಆಮೇಲೆ ಐದನೆಯ ತರಗತಿ ಮುಗಿಯುವವರೆಗೆ ಪ್ರತಿ ತಿಂಗಳೂ ಉಂಡಳು.

ತೊಂಬತ್ತೆಂಟರ ಡಿಸೆಂಬರಿನಲ್ಲಿ ಉಮ ಬಂದಳು. ಪುಣೆಯ ಪೊಲೀಸರು ಬೀಗ ಒಡೆದು ಹದಿನಾಲ್ಕು ಹುಡುಗಿಯರನ್ನು ಬಿಡಿಸಿದ್ದರು. ಮೈಸೂರಿನ ಆಶ್ರಯಧಾಮದ ಅಣ್ಣಮ್ಮ ಎಂಬಾಕೆ ಅವಳನ್ನು ತಂದುಬಿಟ್ಟು, ಪರಿಹಾರದ ಅರ್ಜಿಯನ್ನೂ ತಾನೇ ಬರೆದು, ಸೋಮಮ್ಮನಿಂದ ಹೆಬ್ಬೆಟ್ಟು ಹಾಕಿಸಿಕೊಂಡು ಹೋದಳು. "ಇದು ಮಂಜೂರಾದ್ರೆ ಇವಳ ಎದೆ ಡಾಕ್ಟರಿಗೆ ತೋರಿಸಬಹುದು, ಹಾಸ್ಟೆಲಿಗೆ ಹಾಕಬಹುದು. ಬಿಡಬೇಡಿ" ಎಂದಳು.

ಮೂರು ದಿನ ಉಮ ಮಾತಾಡಲಿಲ್ಲ. ನಾಲ್ಕನೆಯ ದಿನ ಮುದ್ದೆಯ ತಟ್ಟೆಯ ಮುಂದೆ ಕುಳಿತು, "ಪುಟ್ಟತಾಯಿ ಸತ್ತೋದ್ಲು ಕಣವ್ವ" ಎಂದಳು.

ಸೋಮಮ್ಮ ಬಾಗಿಲು ಎಳೆದುಕೊಂಡಳು. "ಮಾದಯ್ಯ ಮಾವನ್ಗೆ ಯೋಳ್ಬೇಡ ಕಣವ್ವ. ಮುದ್ಕ ತಡ್ಕಳಕಿಲ್ಲ."

ಚಿಕ್ಕಮಾದಯ್ಯ ನಾಲ್ಕು ವರ್ಷದಿಂದಲೂ ಕೇಳಿದವರಿಗೆಲ್ಲ ಮೊಮ್ಮಗಳಿಗೆ ಪುಣೆಯಲ್ಲಿ ಒಳ್ಳೆಯ ಕಡೆ ಮದುವೆಯಾಗಿದೆ ಎಂದು ಹೇಳುತ್ತಿದ್ದ. ಮಂಗಳವಾರ ಶುಕ್ರವಾರ ಅವಳ ಹೆಸರಿನಲ್ಲಿ ಮಾರಮ್ಮನಿಗೆ ದೀಪ ಹಚ್ಚುತ್ತಿದ್ದ. ಅವಳ ಹೆಸರಿನ ಅಕ್ಕಿಯನ್ನೂ ತಂದು ಉಂಡಿದ್ದ. ಆದರೂ ಉಮ ಬಂದ ಮೇಲೆ ಅವಳ ಗುಡಿಸಲ ಮುಂದೆ ಹಾಯುವಾಗ ತಲೆ ತಗ್ಗಿಸಿ ಬೇಗ ಬೇಗ ಹೋಗುತ್ತಿದ್ದ. ಏನನ್ನೂ ಕೇಳಲಿಲ್ಲ.

ಅರ್ಜಿಯ ವಿಚಾರಣೆಗೆ ಚೀಟಿ ಬಂದ ಮಾರನೆಯ ದಿನ ಮರಿಸ್ವಾಮಿಗೌಡರು ಆಲೆಮನೆಯಲ್ಲಿ ಸೋಮಮ್ಮನನ್ನು ಕರೆದರು. ಗೌಡರು ಆಲೆಮನೆಯ ಯಜಮಾನರು, ಪಂಚಾಯಿತಿ ಮೆಂಬರು. ಶಾಲೆಗೆ ಹೊಸ ಛಾವಣಿ ಮಂಜೂರಾಗಿತ್ತು. ಅದರ ಕಂಟ್ರಾಕ್ಟೂ ಅವರದ್ದೇ.

ಸೋಮಮ್ಮ ಒಲೆಯ ಬಾಯಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಹಿಂಡಿ ಒಣಗಿಸಿದ ಕಬ್ಬಿನ ರಚ್ಚನ್ನು ಒಳಗೆ ನೂಕುತ್ತಿದ್ದಳು. ಮುಂಜಾನೆಯಿಂದ ಸಂಜೆಯವರೆಗೆ ಅದೇ ಕೆಲಸ. ಹುಬ್ಬು ಸುಟ್ಟು ಉದುರಿಹೋಗಿತ್ತು. ಮುಂಗೈಯ ಚರ್ಮ ಹಪ್ಪಳದಂತಾಗಿತ್ತು. ಕೊಪ್ಪರಿಗೆಯ ಕೆಳಗಿನ ಬೆಂಕಿ ಅವಳದು. ಮೇಲಿನ ಪಾಕವನ್ನು ಅವಳು ಮುಟ್ಟುವಂತಿಲ್ಲ. ಮುಟ್ಟಿದರೆ ಬೆಲ್ಲ ಮೈಲಿಗೆ. ಬೆಂಕಿಗೆ ಮೈಲಿಗೆಯಿಲ್ಲ.

"ಸೋಮಿ, ಅದೇನೋ ಅರ್ಜಿ ಆಕಿದ್ದೀಯಂತಲ್ಲಮ್ಮಿ?"

"ನಾನೆಲ್ಲಿ ಬರ್ಯಾನೆ ಬುದ್ಧಿ. ಮೈಸೂರಿನ ಅಮ್ಮೋರು ಬರದ್ರು. ನಾನು ಹೆಬ್ಬೆಟ್ ಒತ್ತಿದೆ."

"ಕಂಡಿದ್ಕೆಲ್ಲ ಒತ್ಬುಡೋದೇಯ? ಒಲೆಗೆ ರಚ್ಚು ನೂಕ್ದಂಗೆ? ನಿನ್ ಮಗಳು ಬಂದ್ಲೋ ಇಲ್ವೋ?"

"ಬಂದ್ಲು ಬುದ್ಧಿ."

"ಕಣ್ಣು ಮೂಗು ನೆಟ್ಗವಾ?"

"ಅವೆ."

"ಮತ್ತಿನ್ನೇನ್ ಪರಿಹಾರ? ಓಗಿದ್ಲು, ಬಂದ್ಬುಟ್ಲು. ನಮ್ ರಾಮು ಮಿಲ್ಟ್ರಿಗೆ ಓಗಿ ಬಂದ. ಅವನ್ಗೆ ಯಾರ್ ಕೊಟ್ರು ಪರಿಹಾರವ?"

"ರಾಮಣ್ಣೋರು ತಿಂಗ್ಳಾ ತಿಂಗ್ಳಾ ಪೆನ್ಸನ್ ತಗತಾವ್ರಲ್ಲ ಬುದ್ಧಿ."

ಗಾಣಕ್ಕೆ ಕಬ್ಬು ಕೊಡುತ್ತಿದ್ದವನು ನಗು ತಡೆಯಲಾರದೆ ಕೆಮ್ಮಿದ. ಗೌಡರ ಮುಖ ಕೆಂಪಾಯಿತು.

"ಬಾಯಿ ಬಲ್ತೈತೆ ನಿಂಗೆ. ಕೇಳು ಇಲ್ಲಿ. ಛಾವಣಿ ಬಂದಿರೋದು ನಿಮ್ ಮಕ್ಳಿಗೆ ಕಣಮ್ಮಿ. ನಮ್ಮವು ವ್ಯಾನ್ನಲ್ಲಿ ಓಯ್ತವೆ, ನಮ್ಗೇನು? ನಿನ್ ಮಗಳು ಇರ್ನಿಲ್ಲ ಅಂತ ಬರಸ್ದೆ ಅಂದ್ರೆ, ಹಾಜರಿ ಪುಸ್ತಕ ಸುಳ್ಳಾಯ್ತದೆ. ತಲೆ ಕಮ್ಮಿ ಆಯ್ತದೆ. ಛಾವಣಿ ವಾಪಸ್ ಓಯ್ತದೆ, ಮೇಷ್ಟ್ರೂ ಓಯ್ತಾನೆ. ನೀನ್ ಉಂಡಿರೋ ಅಕ್ಕೀನೂ ಕಕ್ಕಿಸ್ತಾರೆ. ಅರ್ಜಿ ವಾಪಸ್ ತಗೊ."

ಸೋಮಮ್ಮ ಬೆಂಕಿಯನ್ನೇ ನೋಡುತ್ತ, "ನನ್ ಮಗಳ ಎದೆ ಕಟ್ಟೈತೆ ಬುದ್ಧಿ" ಎಂದಳು.

"ಸರಿ. ನಾಳಿಂದ ಒಲೆ ತಾವಕೆ ಬರ್ಬೇಡ. ನಿಂಗೂ ಹೊಗೆ ತಪ್ಪುತದೆ."

ಗೌಡರು ದಯಾಳುಗಳು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಮರುದಿನ ಬೆಳಿಗ್ಗೆ ಚಿಕ್ಕಮಾದಯ್ಯ ಬಂದ. ಅವನ ಕೈಯಲ್ಲಿ ಒಂದು ಕಾಗದವಿತ್ತು. ಶಾಲೆ ಚೆನ್ನಾಗಿ ನಡೆಯುತ್ತಿದೆ, ಮಕ್ಕಳೆಲ್ಲ ತಪ್ಪದೆ ಬರುತ್ತಿದ್ದಾರೆ, ಛಾವಣಿ ಬೇಗ ಹಾಕಿಸಿಕೊಡಿ ಎಂದು ಗೌಡರು ಬರೆಸಿದ್ದರು. ಕೇರಿಯವರೆಲ್ಲ ಒತ್ತಿದ್ದರು. ಮೊದಲ ಹೆಬ್ಬೆಟ್ಟು ಅವನದೇ.

"ಸೋಮವ್ವ, ನಾನು ಯಜಮಾನ್ನಾಗಿ ಕೇಳ್ತಾ ಇಲ್ಲ ಕಣವ್ವ. ಹೈಕ್ಳು ತಲೆ ಮೇಲೊಂದು ಸೂರು ಆಗ್ಲಿ. ಇದೊಂದ್ ಮಾತು ನಡಸ್ಕೊಡು."

"ಮಾವ, ನನ್ ಮಗಳ ಉಸುರು?"

"ನನ್ ಮೊಮ್ಮಗಳೂ ಓಯ್ತಲ್ಲವ್ವ. ನಾನೇನಾರ ಸರ್ಕಾರನ ಕೇಳುದ್ನಾ? ಅದು ಅಲ್ಲಿ ಚೆಂದಾಗೈತೆ. ದೇವ್ರು ಇಟ್ಟಂಗೆ ಇರ್ಬೇಕು."

ಒಳಗೆ ಉಮ ಗೋಡೆಯ ಕಡೆಗೆ ತಿರುಗಿ ಮಲಗಿದಳು. ಸೋಮಮ್ಮನ ನಾಲಿಗೆಯ ತುದಿಗೆ ಮಾತು ಬಂತು. ಒಂದು ಮಾತು ಆಡಿದ್ದರೆ ಮುದುಕ ಅಲ್ಲೇ ಬೀಳುತ್ತಿದ್ದ, ಕಾಗದವೂ ಬೀಳುತ್ತಿತ್ತು. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು, "ನಾಳೆ ಕಚೇರಿ ತಾವ ನೋಡಾನ ಮಾವ" ಎಂದಳು.

ವಿಚಾರಣೆ ಪಾಂಡವಪುರದಲ್ಲಿ. ಹೊರಗಿನಿಂದ ಬಂದಿದ್ದ ಅಧಿಕಾರಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕೂ ತಾಲ್ಲೂಕುಗಳ ಅರ್ಜಿಗಳನ್ನು ಒಂದೇ ದಿನ ಕೇಳಿ ಮುಗಿಸಬೇಕಾಗಿತ್ತು. ಒಟ್ಟು ಹನ್ನೊಂದು. ಊಟದ ಹೊತ್ತಿಗೆ ಹತ್ತನ್ನು ತಿರಸ್ಕರಿಸಿದ್ದರು. ಅವರು ಕೆಟ್ಟವರಲ್ಲ. ಯಾರ ಮೇಲೂ ಕೂಗಲಿಲ್ಲ. ನಿಯಮ ಬಿಟ್ಟು ಒಂದು ಹೆಜ್ಜೆ ಇಡುತ್ತಿರಲಿಲ್ಲ, ಅಷ್ಟೇ. ಸೋಮಮ್ಮನಿಗೆ ಕುರ್ಚಿ ತೋರಿಸಿದರು. ಅವಳು ಅಭ್ಯಾಸದಂತೆ ನೆಲದ ಮೇಲೆ ಕುಳಿತಳು. ಉಮ ಅವಳ ಪಕ್ಕ. ಗೋಡೆಯ ಹತ್ತಿರ ಗೌಡರು, ಶಿವಶಂಕರ ಮೇಷ್ಟ್ರು, ಕಾಗದ ಹಿಡಿದ ಚಿಕ್ಕಮಾದಯ್ಯ. ಮೇಜಿನ ಮೇಲೆ ನಾಲ್ಕು ವರ್ಷದ ಹಾಜರಿ ಪುಸ್ತಕಗಳು. ಅದರ ಪಕ್ಕದಲ್ಲಿ ಹೇಳಿಕೆ ಬರೆದುಕೊಳ್ಳುವ ಗುಮಾಸ್ತ.

"ಇದು ಪುಣೆಯ ಕಾಗದ" ಎಂದರು ಅಧಿಕಾರಿ. "ಇದರಲ್ಲಿ ಸೀತಾ ಅಂತ ಇದೆ. ನಿನ್ನ ಮಗಳ ಹೆಸರು ಉಮ."

"ಅಲ್ಲಿ ಅಂಗ್ ಕರೀತಿದ್ರಂತೆ ಸ್ವಾಮಿ."

"ಇರಬಹುದು. ಆದರೆ ಉಮ ಆ ದಿನಗಳಲ್ಲಿ ಶಾಲೆಯಲ್ಲಿದ್ದಳು ಅಂತ ಪುಸ್ತಕ ಹೇಳುತ್ತೆ. ನೀನೂ ಪ್ರತಿ ತಿಂಗಳು ಅಕ್ಕಿ ತಗೊಂಡು ಹೆಬ್ಬೆಟ್ಟು ಒತ್ತಿದ್ದೀಯ. ಇದು ನಿನ್ನದೇ ತಾನೇ?"

"ನಂದೇ ಸ್ವಾಮಿ."

"ಮಗಳು ಇಲ್ಲದಿದ್ದರೆ ಯಾಕೆ ಒತ್ತಿದೆ?"

"ಇಲ್ಲ ಅನ್ನಕ್ ನಂಗೆ ಬಾಯಿ ಬರ್ನಿಲ್ಲ. ಹೆಸ್ರು ಹೊಡೀಬೇಡಿ ಅಂತ ನಾನೇ ಮೇಷ್ಟ್ರ ಕಾಲ್ ಹಿಡ್ದೆ. ತಪ್ಪು ನಂದು. ಅಕ್ಕಿ ಉಂಡೋಳೂ ನಾನೇ. ಅದ್ಕೆ ನನ್ನ ಜೈಲ್ಗೆ ಹಾಕಿ. ಮಗೀಗೆ ಕೊಡೋದ ಕೊಟ್ಬುಡಿ."

ಮೇಷ್ಟ್ರು ನೆಲ ನೋಡಿದರು. ಗೌಡರು, "ಎಲ್ಲಾ ಯೋಳ್ಕೊಟ್ಟಿರೋ ಮಾತು ಸಾರ್" ಎಂದರು.

ಸೋಮಮ್ಮ ಮೊಣಕಾಲೂರಿ ಎದ್ದಳು. "ಸ್ವಾಮಿ, ನನ್ ಮಗಳು ಏಳ್ನೆ ಕ್ಲಾಸು ಅಂತ ಪುಸ್ತಕ್ದಲ್ಲಿ ಐತಲ್ಲ. ಪೆನ್ನು ಕೊಡಿ. ಅವಳ ಹೆಸ್ರ ಅವಳೇ ಬರೀಲಿ. ಬರದ್ರೆ ನಾನು ಸುಳ್ಳಿ. ಬರೀದಿದ್ರೆ ಪುಸ್ತಕ ಸುಳ್ಳು."

ಅಧಿಕಾರಿಗೆ ಇದು ಸರಿ ಕಂಡಿತು. ಪೆನ್ನು ಕೊಟ್ಟರು. ಉಮ ಮಡಿಸಲಾರದ ಬೆರಳುಗಳ ನಡುವೆ ಅದನ್ನು ಸಿಕ್ಕಿಸಿಕೊಂಡು ‘ಉ’ ಬರೆದಳು. ಆಮೇಲೆ ನಿಂತಳು. ‘ಮ’ ಅವಳಿಗೆ ಬರುತ್ತಿರಲಿಲ್ಲ. ಅವಳು ಊರು ಬಿಟ್ಟಾಗ ಪಾಠ ಅಲ್ಲಿಯವರೆಗೆ ಬಂದಿರಲಿಲ್ಲ.

"ನೋಡಿ ಸ್ವಾಮಿ" ಎಂದಳು ಸೋಮಮ್ಮ. ಮಗಳಿಗೆ ಓದು ಬಾರದೆಂದು ಯಾವ ತಾಯಿಯೂ ಅಷ್ಟು ಆಸೆಯಿಂದ ಹೇಳಿರಲಾರಳು.

ಅಧಿಕಾರಿ ಕನ್ನಡಕ ತೆಗೆದು ಒರೆಸಿದರು. "ಇದು ಸಾಕ್ಷಿಯಾಗೋದಿಲ್ಲಮ್ಮ" ಎಂದರು. "ಏಳನೇ ತರಗತಿ ಪಾಸಾಗಿ ಹೆಸರು ಬರೆಯಲು ಬಾರದ ಮಕ್ಕಳು ಈ ನಾಲ್ಕು ತಾಲ್ಲೂಕಿನಲ್ಲಿ ಎಷ್ಟೋ ಇದ್ದಾರೆ. ಹಾಗಂತ ಅವರನ್ನೆಲ್ಲ ಯಾರೋ ಮಾರಿದ್ದರು ಅನ್ನೋದಕ್ಕಾಗುತ್ತದೆಯೆ?"

ಚಿಕ್ಕಮಾದಯ್ಯ ಕೈಯಲ್ಲಿದ್ದ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ. ಅದರಲ್ಲಿ ಕೇರಿಯ ಎಪ್ಪತ್ತು ಹೆಬ್ಬೆಟ್ಟುಗಳಿದ್ದವು. ಒಂದೂ ರುಜುವಿರಲಿಲ್ಲ.

ಅಧಿಕಾರಿ ಅರ್ಜಿಯನ್ನು ಮತ್ತೆ ಓದಿದರು. ಅವರ ಮುಖ ಬೆಳಗಿತು. "ಇದಕ್ಕೆ ಸುಲಭದ ದಾರಿ ಇದೆಯಲ್ಲ. ಜೊತೆಯಲ್ಲಿ ಪುಟ್ಟತಾಯಿ ಅನ್ನೋ ಹುಡುಗಿಯೂ ಹೋಗಿದ್ದಳು ಅಂತ ಬರೆದಿದ್ದೀರಿ. ಪುಸ್ತಕದ ಪ್ರಕಾರ ಅವಳು ಆರನೇ ತರಗತಿ. ಮೊನ್ನೆ ಶನಿವಾರವೂ ಹಾಜರಿದ್ದಾಳೆ. ಅವಳನ್ನೇ ಕೇಳೋಣ. ಮೇಷ್ಟ್ರೆ, ಹೊರಗೆ ಜೀಪಿದೆ. ಹೋಗಿ ಕರೆದುಕೊಂಡು ಬನ್ನಿ. ಕ್ಯಾತನಹಳ್ಳಿ ದಾಟಿದರೆ ನಿಮ್ಮ ಊರಲ್ಲವೆ?"

ಮೇಷ್ಟ್ರ ಹಣೆಯಲ್ಲಿ ಬೆವರು ಒಡೆಯಿತು. "ಸಾರ್... ಇವತ್ತು ಆ ಹುಡುಗಿ... ಹುಷಾರಿಲ್ಲ ಅಂತ..."

"ನಾಲ್ಕು ವರ್ಷ ಹುಷಾರಾಗಿದ್ದವಳು ಇವತ್ತೇ ಮಲಗಿದಳೆ? ಮನೆಗೇ ಹ್ಯಾಗೆ ಹೋಗಬೇಕು ಹೇಳಿ. ಮನೆಯವರು ಯಾರು?"

ಚಿಕ್ಕಮಾದಯ್ಯ ಗೋಡೆ ಹಿಡಿದು ಎದ್ದ. ತಲೆಯ ವಸ್ತ್ರ ತೆಗೆದು ಕಂಕುಳಲ್ಲಿ ಇರುಕಿಕೊಂಡ. ಕೈ ಮುಗಿದ.

"ಕರ್ಕಂಡ್ ಬನ್ನಿ ಸ್ವಾಮಿ" ಎಂದ. "ಜೀಪು ಕಳ್ಸಿ. ನಾನೂ ಬತ್ತೀನಿ ಜೊತೇಲಿ. ನಾನೂ ಆ ಮಗೀನ ನೋಡಿ ನಾಕು ವರ್ಸಾಯ್ತು."

ಗೌಡರು ಹಲ್ಲು ಕಚ್ಚಿ, "ಲೇ ಮಾದ, ಕೂತ್ಕಳಲಾ" ಎಂದರು. ಮುದುಕ ಕೂರಲಿಲ್ಲ. ಅವನ ಕಣ್ಣು ಅಧಿಕಾರಿಯ ಮೇಲಿರಲಿಲ್ಲ. ಉಮನ ಮೇಲಿತ್ತು. ಇಷ್ಟು ದಿನ ಅವಳ ಗುಡಿಸಲ ಮುಂದೆ ತಲೆ ತಗ್ಗಿಸಿ ನಡೆದವನು ಈಗ ಅವಳ ಮುಖವನ್ನೇ ನೋಡಿದ.

"ಯೋಳು ಮಗ. ಅದು ಎಲ್ಲೈತೆ?"

ಉಮ ತಾಯಿಯ ಕಡೆ ನೋಡಿದಳು. ಸೋಮಮ್ಮ ಹೇಳು ಎಂಬಂತೆ ತಲೆಯಾಡಿಸಿದಳು.

"ಅವ್ಳು ಬರಕಿಲ್ಲ ತಾತ" ಎಂದಳು ಉಮ. ಅವಳ ದನಿ ಸವೆದ ತಗಡಿನಂತಿತ್ತು. "ನಾವು ಓಗಿ ಮೂರ್ನೆ ವರ್ಸ. ಜ್ವರ ಬಂದಿತ್ತು. ಜ್ವರದಲ್ಲೂ ಅರಗು ಒತ್ತುಸ್ತಿದ್ರು. ಒಂದಿನ ಬೆಳಿಗ್ಗೆ ಏಳ್ನಿಲ್ಲ. ಆಚೆ ಪಟಾಕಿ ಸದ್ದು ಕೇಳ್ತಿತ್ತು, ದೀಪಾವಳಿ ಇರ್ಬೇಕು. ಗೋಣಿತಟ್ನಲ್ಲಿ ಸುತ್ಕಂಡ್ ಓದ್ರು. ಎಲ್ಲಿಗೆ ಅಂತ ನಾನ್ ಕೇಳ್ದೆ. ಒದ್ರು."

ಮುದುಕನ ತುಟಿ ಅಲುಗಿತು. ಮಾರಮ್ಮನ ಹೆಸರು ಹೇಳಿದನೋ ಮೊಮ್ಮಗಳ ಹೆಸರು ಹೇಳಿದನೋ ತಿಳಿಯಲಿಲ್ಲ. ಆಮೇಲೆ ಮೇಜಿನ ಹತ್ತಿರ ಹೋಗಿ ಆ ಕಾಗದವನ್ನು ಗುಮಾಸ್ತನ ಮುಂದೆ ಇಟ್ಟ.

"ಇದ್ರಲ್ಲಿ ಮೊದಲ್ನೇದು ನನ್ ಹೆಬ್ಬೆಟ್ಟು. ಅದ್ನ ತಗ್ದಾಕಿ."

"ಒತ್ತಿದ ಮೇಲೆ ತೆಗೆಯೋಕೆ ಬರೋದಿಲ್ಲಯ್ಯ" ಎಂದ ಗುಮಾಸ್ತ.

"ತಗ್ದಾಕಿ ಅಂದೆ."

ಗುಮಾಸ್ತ ಅಧಿಕಾರಿಯನ್ನು ನೋಡಿದ. ಚಿಕ್ಕಮಾದಯ್ಯ ತಾನೇ ಕಾಗದ ಎತ್ತಿಕೊಂಡು, ತನ್ನ ಹೆಬ್ಬೆಟ್ಟಿದ್ದ ಮೂಲೆಯನ್ನು ಹರಿದು ಬಾಯಿಗೆ ಹಾಕಿಕೊಂಡ. ಹಲ್ಲಿಲ್ಲದ ಬಾಯಿಯಲ್ಲಿ ಅಗಿದು ನುಂಗಿದ. ನುಂಗಿ, ಸೋಮಮ್ಮನ ಪಕ್ಕದಲ್ಲಿ ಬಂದು ನೆಲದ ಮೇಲೆ ಕುಳಿತ.

ಅಧಿಕಾರಿ ಹಾಜರಿ ಪುಸ್ತಕದಲ್ಲಿ ಆ ವರ್ಷದ ದೀಪಾವಳಿಯ ಪುಟ ತೆರೆದರು. ಹಬ್ಬಕ್ಕೆ ರಜೆ. ರಜೆ ಮುಗಿದ ಮೊದಲ ದಿನವೇ ಪುಟ್ಟತಾಯಿ ಹಾಜರು. ಅವರು ಪುಸ್ತಕ ಮುಚ್ಚಿದರು. ಅದರ ರಟ್ಟಿನ ಮೇಲೆ ಕೈಯಿಟ್ಟರು.

"ನನಗೆ ಅರ್ಥವಾಗುತ್ತದಮ್ಮ" ಎಂದರು. "ಆದರೆ ಪುಸ್ತಕ ಸುಳ್ಳು ಅಂತ ಹೇಳುವ ಅಧಿಕಾರ ನನಗಿಲ್ಲ. ಅದನ್ನು ಶಾಲೆ ನೋಡಿಕೊಳ್ಳುವವರು ಹೇಳಬೇಕು. ಅವರು ಹೇಳಬೇಕಾದರೆ ಬೇರೆ ವಿಚಾರಣೆ ಆಗಬೇಕು. ಅಲ್ಲಿಯವರೆಗೆ ಈ ಅರ್ಜಿಯನ್ನು ಇಟ್ಟುಕೊಳ್ಳಲು ಅವಕಾಶವಿಲ್ಲ. ಇವತ್ತು ವಾಪಸು ತಗೊ. ಮುಂದೆ ಬೇಕಾದರೆ ಹೊಸದಾಗಿ ಹಾಕು. ಇಲ್ಲಿ ಒತ್ತು."

ಗುಮಾಸ್ತ ಮಸಿಯ ಡಬ್ಬಿ ತೆರೆದು ನೆಲದ ಮೇಲೆ ಅವಳ ಮುಂದೆ ಕುಕ್ಕರಿಸಿದ. ವಾಪಸಾತಿಯ ಕಾಗದ ಹಾಸಿದ. ಎಲ್ಲ ಹೆಂಗಸರಿಗೂ ಮಾಡುವಂತೆ ಅವಳ ಮಣಿಕಟ್ಟು ಹಿಡಿದು ಎಳೆದ.

ಸೋಮಮ್ಮ ಕೈ ಮುಷ್ಟಿ ಮಾಡಿದಳು. ಹೆಬ್ಬೆಟ್ಟನ್ನು ನಾಲ್ಕು ಬೆರಳಿನ ಒಳಗೆ ಅಡಗಿಸಿದಳು. ಗುಮಾಸ್ತ ಬಿಡಿಸಲು ನೋಡಿದ. ಹತ್ತು ವರ್ಷ ಆಲೆಮನೆಯ ಒಲೆಗೆ ಮೈಯೊಡ್ಡಿದ ಕೈ. ಬಿಡಿಸಲು ಆಗಲಿಲ್ಲ.

"ಕೈ ಬುಡಪ್ಪ" ಎಂದಳು. "ಅಕ್ಕಿಗೆ ಒತ್ತಿದೆ. ಆಲೆಮನೇಲಿ ಒತ್ತಿದೆ. ನನ್ ಗಂಡನ ಹೆಣ ಬುಡುಸ್ಕಳಕೂ ಒತ್ತಿದೆ. ಏನ್ ಬರ್ದೈತೆ ಅಂತ ಒಂದ್ ದಿನಾನೂ ಕೇಳ್ನಿಲ್ಲ. ಇದ್ರಲ್ಲಿ ಏನ್ ಬರ್ದೈತೆ ಅಂತ ನಂಗೊತ್ತು. ಒತ್ತಕಿಲ್ಲ."

"ಮೊಂಡುತನ ಮಾಡಬೇಡಮ್ಮ" ಎಂದರು ಅಧಿಕಾರಿ. "ಸಾಕ್ಷಿ ಇಲ್ಲ ಅಂತ ತಿರಸ್ಕರಿಸೋಣ ಅಂದರೆ ನಿನ್ನ ಮಗಳ ಹೇಳಿಕೆ ಆಗಲೇ ದಾಖಲಾಗಿದೆ. ಮಂಜೂರು ಮಾಡೋಣ ಅಂದರೆ ಪುಸ್ತಕ ಇದೆ. ನೀನು ವಾಪಸು ತಗೊಳ್ಳದೆ ಇದನ್ನು ಮುಚ್ಚೋದಕ್ಕಾಗೋದಿಲ್ಲ."

"ಮುಚ್ಬೇಡಿ."

ಗೌಡರು ಮುಂದೆ ಬಂದರು. "ಛಾವಣಿ ಓಯ್ತದೆ ಕಣೆ, ಓದ್ರೆ ನಿಮ್ ಹೈಕ್ಳೇ ಬಿಸ್ಲಲ್ಲಿ ಸಾಯ್ತವೆ!"

ಅದಕ್ಕೆ ಉತ್ತರ ಕೊಟ್ಟದ್ದು ಸೋಮಮ್ಮನಲ್ಲ, ಚಿಕ್ಕಮಾದಯ್ಯ. "ಆ ಛಾವಣಿಗೆ ಎಷ್ಟು ಹೆಣ ಬೇಕು ಗೌಡ್ರೆ? ಒಂದು ಕೊಟ್ಟಾಯ್ತು."

ಜೀವಮಾನದಲ್ಲಿ ಮೊದಲ ಸಲ ಅವನು ಗೌಡರನ್ನು ಬುದ್ಧಿ ಎನ್ನಲಿಲ್ಲ. ಗೌಡರಿಗೂ ಅದು ತಿಳಿಯಿತು. ಅವರು ಹಿಂದಕ್ಕೆ ಸರಿದು ಹೆಗಲ ಮೇಲಿನ ಟವಲು ಸರಿ ಮಾಡಿಕೊಂಡರು.

ಅಧಿಕಾರಿ ಗಡಿಯಾರ ನೋಡಿಕೊಂಡರು. ಹನ್ನೊಂದು ಅರ್ಜಿಗಳಲ್ಲಿ ಹತ್ತು ಮುಗಿದಿದ್ದವು. ಹನ್ನೊಂದನೆಯದರ ಮುಂದೆ ಏನಾದರೂ ಬರೆಯಲೇಬೇಕಾಗಿತ್ತು. ಗುಮಾಸ್ತನಿಗೆ ತಗ್ಗಿದ ದನಿಯಲ್ಲಿ ಏನೋ ಹೇಳಿದರು. ಅವನು ದೊಡ್ಡ ಪುಸ್ತಕದಲ್ಲಿ ಬರೆದು, ಹೀರುಕಾಗದ ಒತ್ತಿ ಮಸಿ ಆರಿಸಿದ.

ಸೋಮಮ್ಮ ಎದ್ದು ಮೇಜಿನವರೆಗೆ ಹೋದಳು. "ಏನ್ ಬರದ್ರಿ? ಓದಿ ಯೋಳಿ."

"ನಿನಗ್ಯಾಕಮ್ಮ ಅದು?"

"ನಮ್ಗೆ ಓದಕ್ ಬರಕಿಲ್ಲ. ನನ್ ಮಗಳು ಏಳ್ನೆ ಕ್ಲಾಸು, ಅವಳ್ಗೂ ಬರಕಿಲ್ಲ. ಓದಿ."

ಗುಮಾಸ್ತ ಅಧಿಕಾರಿಯ ಮುಖ ನೋಡಿ ಓದಿದ: "ಅರ್ಜಿದಾರಳು ಒಪ್ಪಲಿಲ್ಲ."

ಸೋಮಮ್ಮ ಇನ್ನೊಂದು ಸಲ ಓದಿಸಿದಳು. ಆಮೇಲೆ ಸೆರಗು ಹೊದ್ದು, ಮುದುಕನ ಕೈ ಹಿಡಿದು ಎಬ್ಬಿಸುತ್ತ ಹೇಳಿದಳು:

"ಇದೊಂದ ಸರ್ಯಾಗಿ ಬರ್ದಿದ್ದೀರಿ ಸ್ವಾಮಿ."